ತೂಕ ಸರಿ ಇದೆ, ಸಕ್ಕರೆ ಮಾತ್ರ ಏರಿದೆ. ಸ್ನಾಯು ಬೆಳೆಸಿ ಅಂತಾರೆ, ಯಾಕೆ?

ಸಣಕಲ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಆಫೀಸಿನ ವರ್ಷದ ತಪಾಸಣೆಯಲ್ಲಿ ನನ್ನ ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) 6.1 ಬಂದಿದೆ. ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 210, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 36. ನಾನು ದಪ್ಪ ಇಲ್ಲ. ಬಿಎಂಐ 22. ಕೈಕಾಲು ಸಣ್ಣ, ಹೊಟ್ಟೆ ಸ್ವಲ್ಪ ಮುಂದಿದೆ, ಅಷ್ಟೇ.

ಡಾಕ್ಟರು ರಿಪೋರ್ಟ್ ನೋಡಿ, "ಇನ್ನೂ ಡಯಾಬಿಟಿಸ್ ಅಲ್ಲ, ಅಂಚಿನಲ್ಲಿದ್ದೀರಿ. ಇನ್ಸುಲಿನ್ ರೆಸಿಸ್ಟೆನ್ಸ್ ಇರುವ ಹಾಗಿದೆ. ಸ್ನಾಯು ಬೆಳೆಸಿ" ಅಂದವರೇ ಮುಂದಿನವರನ್ನು ಕರೆದುಬಿಟ್ಟರು. ರೆಸಿಸ್ಟೆನ್ಸ್ ಅಂದರೆ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಸರಿಯಾಗಿ ಕೇಳದಿರುವುದಂತೆ.

ಸಿಹಿ ಬಿಡಿ ಅಂದಿದ್ದರೆ ಅರ್ಥವಾಗುತ್ತಿತ್ತು. ತೂಕ ಇಳಿಸಿ ಅನ್ನೋಕೆ ಇಳಿಸಲು ಏನೂ ಇಲ್ಲ. ಆದರೆ ಸ್ನಾಯು ಯಾಕೆ? ಇದು ಇನ್ಸುಲಿನ್ ತಯಾರಿಸುವ ಪ್ಯಾಂಕ್ರಿಯಾಸ್‌ನ ಕಾಯಿಲೆ ಅಲ್ವಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ತರ್ಲೆ_ತಮ್ಮ

ಪಕ್ಕದಲ್ಲೇ ಜಿಮ್ ಇದೆಯಾ ನೋಡಿ. ಮಾಲೀಕರು ಡಾಕ್ಟರ ಭಾಮೈದ ಇರಬಹುದು.

ಬಯೋಕೆಮ್_ಮೇಷ್ಟ್ರು

ತಮ್ಮಾ, ಸ್ವಲ್ಪ ತಡೆ. ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ. ವಿವರಿಸುವ ಪುರುಸೊತ್ತು ಅವರಿಗೆ ಇರಲಿಲ್ಲ ಅಷ್ಟೇ.

ಮೊದಲು ಒಂದು ಲೆಕ್ಕ. ನಿಮ್ಮ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇದೆ. ಸಕ್ಕರೆ 100 ಇದ್ದರೆ ಪ್ರತಿ 100 ಮಿಲಿ ರಕ್ತಕ್ಕೆ 100 ಮಿಲಿಗ್ರಾಂ. ಅಂದರೆ ರಕ್ತದಲ್ಲಿ ಒಟ್ಟು ಇರುವ ಸಕ್ಕರೆ ಬರೀ 5 ಗ್ರಾಂ. ಒಂದು ಹೊತ್ತಿನ ಊಟದಲ್ಲಿ 70–80 ಗ್ರಾಂ ಕಾರ್ಬೋಹೈಡ್ರೇಟ್ ಸಲೀಸಾಗಿ ಒಳಗೆ ಹೋಗುತ್ತದೆ. ಅಷ್ಟೂ ರಕ್ತದಲ್ಲೇ ನಿಂತರೆ ಮನುಷ್ಯ ಉಳಿಯುವುದಿಲ್ಲ. ಎಲ್ಲಿಗಾದರೂ ಹೋಗಲೇಬೇಕು.

ಎಲ್ಲಿಗೆ ಹೋಗುತ್ತದೆ ಅಂತ ಅಳೆಯಲು ಒಂದು ವಿಧಾನ ಇದೆ. ಹೆಸರು ಕ್ಲಾಂಪ್. 1979ರಲ್ಲಿ ರಾಲ್ಫ್ ಡಿಫ್ರಾಂಜೊ ಮತ್ತು ಜೊತೆಗಾರರು ಇದನ್ನು ವಿವರವಾಗಿ ಪ್ರಕಟಿಸಿದರು. ಒಂದು ನಾಳದಲ್ಲಿ ಇನ್ಸುಲಿನ್ ಒಂದೇ ವೇಗದಲ್ಲಿ ಹೋಗುತ್ತಿರುತ್ತದೆ. ಇನ್ನೊಂದರಲ್ಲಿ ಗ್ಲೂಕೋಸ್. ಐದೈದು ನಿಮಿಷಕ್ಕೆ ರಕ್ತ ನೋಡುತ್ತಾರೆ. ಸಕ್ಕರೆ ಇಳಿಯುತ್ತಿದ್ದರೆ ಗ್ಲೂಕೋಸ್ ಜಾಸ್ತಿ ಬಿಡುತ್ತಾರೆ, ಏರುತ್ತಿದ್ದರೆ ಕಡಿಮೆ ಮಾಡುತ್ತಾರೆ. ಸಕ್ಕರೆ ಸುಮಾರು 90ರಲ್ಲಿ ಅಲುಗಾಡದೆ ನಿಲ್ಲಬೇಕು. ಹಾಗೆ ನಿಲ್ಲಿಸಲು ಎಷ್ಟು ಗ್ಲೂಕೋಸ್ ಬೇಕಾಯಿತೋ ಅಷ್ಟು ಚೆನ್ನಾಗಿ ಇನ್ಸುಲಿನ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಈ ಪರೀಕ್ಷೆಯಲ್ಲಿ ಗ್ಲೂಕೋಸಿನ ಶೇ. 70–80 ಭಾಗ ಹೋಗಿ ಸೇರುವುದು ಸ್ನಾಯುವಿಗೆ. ಟೈಪ್ 2 ಇರುವವರಲ್ಲಿ ಕಡಿಮೆಯಾಗುವುದೂ ಮುಖ್ಯವಾಗಿ ಅದೇ.

ಮಾಮೂಲಿ ಊಟದಲ್ಲಿ ಲಿವರ್ ಕೂಡ ತನ್ನ ಪಾಲು ಎಳೆದುಕೊಳ್ಳುತ್ತದೆ, ಹಾಗಾಗಿ ಸ್ನಾಯುವಿನ ಪಾಲು ಇಷ್ಟು ದೊಡ್ಡದಿರುವುದಿಲ್ಲ. ಆದರೂ ಸ್ನಾಯು ಬಿಟ್ಟರೆ ಸಕ್ಕರೆ ಕೂಡಿಡಲು ದೊಡ್ಡ ಜಾಗ ಬೇರೆ ಇಲ್ಲ. ಲಿವರ್‌ನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ (ಸಕ್ಕರೆಯನ್ನು ಕೂಡಿಡುವ ರೂಪ) ಹಿಡಿಯುತ್ತದೆ, ಸ್ನಾಯುಗಳಲ್ಲಿ 400–500 ಗ್ರಾಂ.

ಇನ್ನೊಂದು ವಿಷಯ, ಬಹಳ ಜನ ಗಮನಿಸುವುದಿಲ್ಲ. ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ವಾಪಸ್ ಬಿಡಬಲ್ಲದು. ಸ್ನಾಯುವಿಗೆ ಅದು ಆಗುವುದಿಲ್ಲ, ಅದಕ್ಕೆ ಬೇಕಾದ ಕಿಣ್ವವೇ ಅಲ್ಲಿಲ್ಲ. ಸ್ನಾಯುವಿನ ಒಳಗೆ ಹೋದ ಸಕ್ಕರೆ ಅಲ್ಲೇ ಉರಿಯಬೇಕು. ನೀವು ಇಡೀ ದಿನ ಕುರ್ಚಿಯಲ್ಲಿ ಕೂತರೆ ಆ ಜಾಗ ಖಾಲಿಯಾಗುವುದೇ ಇಲ್ಲ. ಮುಂದಿನ ಊಟದ ಸಕ್ಕರೆಗೆ ಎಡೆ ಎಲ್ಲಿ?

ಸಂಶಯಪ್ಪ

ಮೇಷ್ಟ್ರೇ, ಎಲ್ಲ ಕಡೆ ಒಂದೇ ಬೀಗ-ಕೀಲಿಕೈ ಕಥೆ ಹೇಳ್ತಾರೆ. ಇನ್ಸುಲಿನ್ ಕೀಲಿಕೈ, ಕೋಶದ ಬಾಗಿಲು ತೆಗೆಯುತ್ತದೆ, ರೆಸಿಸ್ಟೆನ್ಸ್ ಅಂದರೆ ಬೀಗ ತುಕ್ಕು ಹಿಡಿದಿದೆ ಅಂತ. ಹಾಗಾದರೆ ತುಕ್ಕು ಹಿಡಿದ ಬೀಗಕ್ಕೆ ವ್ಯಾಯಾಮ ಏನು ಮಾಡುತ್ತದೆ?

ಬಯೋಕೆಮ್_ಮೇಷ್ಟ್ರು

ಆ ಕಥೆಯಲ್ಲಿ ಬಾಗಿಲು ಯಾವಾಗಲೂ ಗೋಡೆಯಲ್ಲೇ ಇರುತ್ತದೆ. ತೊಂದರೆ ಅಲ್ಲೇ ಇರುವುದು. ಸ್ನಾಯುವಿನ ಕೋಶದಲ್ಲಿ ಬಾಗಿಲುಗಳು ಒಳಗಡೆ ಇರುತ್ತವೆ.

ಸಕ್ಕರೆಯನ್ನು ಒಳಗೆ ಬಿಡುವ ಪ್ರೊಟೀನಿನ ಹೆಸರು ಗ್ಲೂಟ್-4. ನೀವು ಸುಮ್ನೆ ಕೂತಿರುವಾಗ ಅದರ ಬಹುಪಾಲು ಕೋಶದ ಒಳಗೆ ಸಣ್ಣ ಸಣ್ಣ ಚೀಲಗಳಲ್ಲಿ ಇರುತ್ತದೆ. ಇನ್ಸುಲಿನ್ ಕೋಶದ ಹೊರಗಿನ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಂಡಾಗ ಒಳಗೆ ಒಂದು ಪ್ರೊಟೀನು ಇನ್ನೊಂದನ್ನು ಎಬ್ಬಿಸುತ್ತಾ ಹೋಗುತ್ತದೆ. ಕೊನೆಗೆ ಆ ಚೀಲಗಳು ಮೇಲಕ್ಕೆ ಸರಿದು ಕೋಶದ ಪೊರೆಯ ಜೊತೆ ಸೇರಿಕೊಳ್ಳುತ್ತವೆ. ಆಗ ಗ್ಲೂಟ್-4 ಹೊರಮೈಗೆ ಬರುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಪೊರೆ ಒಳಕ್ಕೆ ಮಡಚಿಕೊಂಡು ಅವನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ.

ರೆಸಿಸ್ಟೆನ್ಸ್ ಇರುವವರಲ್ಲಿ ಸಾಮಾನ್ಯವಾಗಿ ಗ್ಲೂಟ್-4 ಕೊರತೆ ಇರುವುದಿಲ್ಲ. ಇನ್ಸುಲಿನ್ ಕೊಟ್ಟ ಸಂದೇಶ ಮಧ್ಯದಲ್ಲೇ ಕ್ಷೀಣಿಸುತ್ತದೆ. ಚೀಲಗಳು ಮೇಲೆ ಬರುವುದಿಲ್ಲ.

ವ್ಯಾಯಾಮದ ಮಹಿಮೆ ಇರುವುದು ಇಲ್ಲಿ. ಸ್ನಾಯು ಸಂಕುಚಿಸಿದಾಗ ಕ್ಯಾಲ್ಸಿಯಂ, ಎಎಂಪಿಕೆ ಅನ್ನುವ ಕಿಣ್ವ ಇವೆಲ್ಲ ಸೇರಿ ಅದೇ ಚೀಲಗಳನ್ನು ಇನ್ನೊಂದು ದಾರಿಯಿಂದ ಮೇಲಕ್ಕೆ ತರುತ್ತವೆ. ಅದಕ್ಕೆ ಇನ್ಸುಲಿನ್ ಬೇಡ. ಇನ್ಸುಲಿನ್ ದಾರಿ ಕೆಟ್ಟಿರುವ ಟೈಪ್ 2 ರೋಗಿಯಲ್ಲೂ ಈ ದಾರಿ ಚೆನ್ನಾಗಿಯೇ ಇರುತ್ತದೆ.

ಕಾರ್ಬ್_ವಿರೋಧಿ

ಇಷ್ಟುದ್ದ ಬರೆದು ಮೂಲ ವಿಷಯ ಬಿಟ್ಟಿರಿ ಮೇಷ್ಟ್ರೇ. ಕಾರ್ಬ್ ತಿಂದರೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಏರಿದರೆ ಕೊಬ್ಬು ಕೂರುತ್ತದೆ. ವರ್ಷಗಟ್ಟಲೆ ಇನ್ಸುಲಿನ್ ಏರಿಯೇ ಇದ್ದರೆ ಕೋಶ ಅದಕ್ಕೆ ಕಿವಿಗೊಡುವುದಿಲ್ಲ. ಕಾರ್ಬ್ ನಿಲ್ಲಿಸಿ, ಎಲ್ಲ ಸರಿಹೋಗುತ್ತದೆ. ಡಂಬೆಲ್ ಎತ್ತಿ ಅಂತ ಹೇಳೋ ಅಗತ್ಯವೇ ಇಲ್ಲ.

ಕೋಶದೊಳಗೆ

ಅಷ್ಟು ಸರಳ ಅಲ್ಲ ಸಾರ್. ಆರೋಗ್ಯವಾಗಿರುವ, ಸಣ್ಣಗಿರುವ ಮನುಷ್ಯನ ರಕ್ತಕ್ಕೆ ನೇರವಾಗಿ ಕೊಬ್ಬಿನ ದ್ರವ ಬಿಟ್ಟು ಪರೀಕ್ಷೆ ಮಾಡಿದ್ದಾರೆ. ಮೂರ್ನಾಲ್ಕು ಗಂಟೆಯಲ್ಲಿ ಅವನ ಸ್ನಾಯು ಇನ್ಸುಲಿನ್ ಮಾತು ಕೇಳುವುದನ್ನು ಬಿಡುತ್ತದೆ. ಕಾರ್ಬ್ ಜಾಸ್ತಿ ತಿಂದದ್ದಕ್ಕಲ್ಲ, ರಕ್ತದಲ್ಲಿ ಕೊಬ್ಬಿನಾಮ್ಲ ಏರಿದ್ದಕ್ಕೆ.

ಕೊಬ್ಬು ಮತ್ತು ಸಕ್ಕರೆ ಒಂದಕ್ಕೊಂದು ಅಡ್ಡ ಬರುತ್ತವೆ ಅಂತ 1963ರಲ್ಲೇ ಫಿಲಿಪ್ ರ‍್ಯಾಂಡಲ್ ಹೇಳಿದ್ದರು. ಅವರ ಲೆಕ್ಕದಲ್ಲಿ ಸಕ್ಕರೆ ಕೋಶದ ಒಳಗೆ ಬರುತ್ತದೆ, ಆದರೆ ಕೊಬ್ಬು ಉರಿಯುತ್ತಿರುವುದರಿಂದ ಮುಂದೆ ಸಾಗದೆ ನಿಲ್ಲುತ್ತದೆ. ಹಾಗಿದ್ದರೆ ಒಳಗೆ ಗ್ಲೂಕೋಸ್-6-ಫಾಸ್ಫೇಟ್, ಅಂದರೆ ಒಳಗೆ ಬಂದ ಸಕ್ಕರೆ ಮೊದಲು ಪಡೆಯುವ ರೂಪ, ಜಮಾ ಆಗಬೇಕು. 1990ರ ದಶಕದಲ್ಲಿ ಯೇಲ್‌ನ ಜೆರಾಲ್ಡ್ ಶುಲ್ಮನ್ ತಂಡ ಕೊಯ್ಯದೆ ಒಳಗನ್ನು ಅಳೆಯುವ ಎನ್‌ಎಂಆರ್ ಯಂತ್ರದಲ್ಲಿ ಬದುಕಿರುವ ಮನುಷ್ಯನ ಸ್ನಾಯುವನ್ನೇ ಅಳೆದು ನೋಡಿತು. ಅದು ಏರುವ ಬದಲು ಇಳಿದಿತ್ತು. ಅಂದರೆ ಸಕ್ಕರೆ ಒಳಗೇ ಬರುತ್ತಿಲ್ಲ. ಮೇಷ್ಟ್ರು ಹೇಳಿದ ಗ್ಲೂಟ್-4 ಹಂತದಲ್ಲೇ ತಡೆ.

ಆ ತಂಡದ ವಿವರಣೆ ಹೀಗಿದೆ. ಸ್ನಾಯುವಿನ ಕೋಶಕ್ಕೆ ಉರಿಸಲಾಗದಷ್ಟು ಕೊಬ್ಬಿನಾಮ್ಲ ಬಂದಾಗ ಡಯಾಸೈಲ್‌ಗ್ಲಿಸರಾಲ್ ಅನ್ನುವ ಅರೆಬರೆ ಕೊಬ್ಬು ಉಳಿಯುತ್ತದೆ. ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಇನ್ಸುಲಿನ್ ಸಂದೇಶವನ್ನು ಮೊದಲ ಹೆಜ್ಜೆಯಲ್ಲೇ ಕೆಡಿಸುತ್ತದೆ. ಸೆರಮೈಡ್ ಅನ್ನುವ ಇನ್ನೊಂದು ಕೊಬ್ಬನ್ನು ದೂರುವವರೂ ಇದ್ದಾರೆ. ಆ ಜಗಳ ಮುಗಿದಿಲ್ಲ.

ಕಾರ್ಬ್_ವಿರೋಧಿ

ಆ ಕೊಬ್ಬು ಎಲ್ಲಿಂದ ಬಂತು ಸ್ವಾಮಿ? ಜಾಸ್ತಿಯಾದ ಕಾರ್ಬನ್ನು ಲಿವರ್ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ಸಣಕಲ ಅವರ ಟ್ರೈಗ್ಲಿಸರೈಡ್ 210 ನೋಡಿ. ನಾನು ಹೇಳಿದ್ದೇ ಆಯ್ತಲ್ಲ.

ಕೋಶದೊಳಗೆ

ಅರ್ಧ ಆಯ್ತು. ಲಿವರ್‌ಗೆ ಅಷ್ಟು ಕಾರ್ಬ್ ಯಾಕೆ ಬಂತು ಅಂತ ಕೇಳಿ. ಸ್ನಾಯು ತೆಗೆದುಕೊಳ್ಳಲಿಲ್ಲ, ಅದಕ್ಕೇ. ಅದೇ ತಂಡ 2007ರಲ್ಲಿ ಸಣ್ಣಗಿರುವ ಯುವಕರನ್ನು ನೋಡಿತು. ಸ್ನಾಯುವಿನಲ್ಲಿ ರೆಸಿಸ್ಟೆನ್ಸ್ ಇದ್ದವರು ಊಟ ಮಾಡಿದಾಗ ಸ್ನಾಯುವಿಗೆ ಗ್ಲೈಕೋಜನ್ ಆಗಿ ಸೇರಬೇಕಾದ ಸಕ್ಕರೆ ಲಿವರ್ ಕಡೆ ತಿರುಗಿ ಕೊಬ್ಬಾಗಿತ್ತು. ಅವರಲ್ಲೂ ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ. ಸಣಕಲ ಅವರ ರಿಪೋರ್ಟಿನ ಹಾಗೆಯೇ. ಆಗಿನ್ನೂ ಅವರಿಗೆ ಹೊಟ್ಟೆಯ ಕೊಬ್ಬೂ ಜಾಸ್ತಿ ಇರಲಿಲ್ಲ.

ದೂರದ_ಓಟ

ಒಂದು ನಿಮಿಷ. ಸ್ನಾಯುವಿನಲ್ಲಿ ಕೊಬ್ಬು ಇದ್ದರೆ ಕಾಯಿಲೆ ಅನ್ನುವುದಾದರೆ ನಮ್ಮಂಥ ಓಟಗಾರರೆಲ್ಲ ಆಸ್ಪತ್ರೆಯಲ್ಲಿ ಇರಬೇಕಿತ್ತು. 2001ರಲ್ಲಿ ಬ್ರೆಟ್ ಗುಡ್‌ಪಾಸ್ಟರ್ ತಂಡ ದೀರ್ಘ ಓಟದ ಅಥ್ಲೀಟುಗಳ ಸ್ನಾಯು ನೋಡಿತು. ಡಯಾಬಿಟಿಸ್ ಇರುವವರ ಸ್ನಾಯುವಿನಷ್ಟೇ, ಇನ್ನೂ ಜಾಸ್ತಿಯೇ ಕೊಬ್ಬು ಇತ್ತು. ಆದರೆ ಇನ್ಸುಲಿನ್ ಅವರಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತಿತ್ತು. ಇದಕ್ಕೆ ಅಥ್ಲೀಟ್ ವಿರೋಧಾಭಾಸ ಅಂತಲೇ ಹೆಸರಿದೆ.

ವ್ಯತ್ಯಾಸ ಇರುವುದು ಚಲನೆಯಲ್ಲಿ. ಓಡುವವರ ಸ್ನಾಯುವಿನಲ್ಲಿ ಕೊಬ್ಬಿನ ಹನಿಗಳು ಕೋಶದ ಒಲೆಯಂತಿರುವ ಮೈಟೋಕಾಂಡ್ರಿಯಾಗೆ ಅಂಟಿಕೊಂಡಂತೆ ಇರುತ್ತವೆ. ದಿನವೂ ಉರಿಯುತ್ತವೆ, ದಿನವೂ ತುಂಬುತ್ತವೆ. ಕೂತವರ ಸ್ನಾಯುವಿನಲ್ಲಿ ಬಂದದ್ದು ಬಂದ ಹಾಗೇ ಇರುತ್ತದೆ. ಆದ್ದರಿಂದ ಎಷ್ಟು ಕೊಬ್ಬಿದೆ ಅನ್ನುವುದೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಸಂಶಯಪ್ಪ

ಈಗ ಕೊಬ್ಬು ಒಳ್ಳೆಯದೋ ಕೆಟ್ಟದ್ದೋ? ಒಬ್ಬೊಬ್ಬರು ಒಂದೊಂದು ಹೇಳ್ತಾ ಇದ್ದೀರಿ.

ನರ್ಸಕ್ಕ

ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದಪ್ಪ.

ಲಿಪೋಡಿಸ್ಟ್ರೋಫಿ ಅಂತ ಅಪರೂಪದ ಕಾಯಿಲೆ ಇದೆ. ಚರ್ಮದಡಿ ಕೊಬ್ಬೇ ಇರುವುದಿಲ್ಲ. ನೋಡಲು ಕಟ್ಟುಮಸ್ತಾಗಿ, ನರಗಳೆಲ್ಲ ಎದ್ದು ಕಾಣುತ್ತವೆ. ಇವರಿಗೆ ಡಯಾಬಿಟಿಸ್ ಬರಲೇಬಾರದು ಅನ್ನಿಸುತ್ತದೆ ಅಲ್ವಾ? ಆದರೆ ಇವರಿಗೆ ಬರುವಷ್ಟು ಗಟ್ಟಿ ಇನ್ಸುಲಿನ್ ರೆಸಿಸ್ಟೆನ್ಸ್ ಬೇರೆಯವರಿಗೆ ಬರುವುದು ಕಷ್ಟ. ಕೊಬ್ಬಿಗೆ ತನ್ನ ಜಾಗ ಇಲ್ಲದೆ ಲಿವರ್‌ಗೆ, ಸ್ನಾಯುವಿಗೆ ಹೋಗಿ ಕೂರುತ್ತದೆ. ಲೆಪ್ಟಿನ್ ಹಾರ್ಮೋನ್ ಕೂಡ ಇರುವುದಿಲ್ಲ, ಅದು ಬರುವುದೇ ಕೊಬ್ಬಿನಿಂದ. ಹೊರಗಿನಿಂದ ಲೆಪ್ಟಿನ್ ಕೊಟ್ಟರೆ ಸಕ್ಕರೆ, ಟ್ರೈಗ್ಲಿಸರೈಡ್ ಎರಡೂ ಚೆನ್ನಾಗಿ ಇಳಿಯುತ್ತವೆ.

ಇನ್ನೊಂದು ಕಡೆ ನೋಡಿ. ತುಂಬ ದಪ್ಪ ಇದ್ದ ಹೆಂಗಸರ ಹೊಟ್ಟೆಯ ಚರ್ಮದಡಿಯಿಂದ ಸುಮಾರು 10 ಕೆಜಿ ಕೊಬ್ಬನ್ನು ಲೈಪೋಸಕ್ಷನ್ ಮಾಡಿ ತೆಗೆದರು. 2004ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಇನ್ಸುಲಿನ್ ಕೆಲಸದಲ್ಲಿ ಸುಧಾರಣೆಯೇ ಇಲ್ಲ. ಊಟ ಕಡಿಮೆ ಮಾಡಿ ಇದಕ್ಕಿಂತ ಎಷ್ಟೋ ಕಡಿಮೆ ತೂಕ ಇಳಿಸಿದವರಲ್ಲಿ ಸುಧಾರಣೆ ಕಾಣುತ್ತದೆ. ಡಯಾಬಿಟಿಸ್‌ಗೆ ಕೊಡುವ ಪಿಯೋಗ್ಲಿಟಜೋನ್ ಮಾತ್ರೆ ತಗೊಂಡವರಿಗೆ ತೂಕ ಜಾಸ್ತಿಯಾಗುತ್ತದೆ, ಸಕ್ಕರೆ ಇಳಿಯುತ್ತದೆ. ಚರ್ಮದಡಿಯ ಕೊಬ್ಬಿನ ಕೋಶಗಳಿಗೆ ಕೊಬ್ಬು ಹಿಡಿಯುವ ಶಕ್ತಿ ಹೆಚ್ಚಿ, ಲಿವರ್‌ನ ಹೊರೆ ಕಡಿಮೆಯಾಗುತ್ತದೆ. ರೋಗಿಗಳು "ಸಿಸ್ಟರ್, ಈ ಮಾತ್ರೆಯಿಂದ ದಪ್ಪ ಆಗ್ತಿದ್ದೀನಿ" ಅಂತ ಬೈತಾರೆ. ಕಾಲು ಊದುವುದೂ ಉಂಟು, ಹೃದಯ ದುರ್ಬಲ ಇರುವವರಿಗೆ ಕೊಡುವುದಿಲ್ಲ. ಅದು ಬೇರೆ ಮಾತು.

ಸಣಕಲ

ನರ್ಸಕ್ಕ, ಹೆದರಿಸಿಬಿಟ್ಟಿರಿ. ನನ್ನ ಬಿಎಂಐ 22 ಅಲ್ವಾ, ನನ್ನಲ್ಲಿ ಅಷ್ಟು ಕೊಬ್ಬು ಎಲ್ಲಿರುತ್ತದೆ?

ಕೋಶದೊಳಗೆ

ಬಿಎಂಐ ಅಂದರೆ ಎತ್ತರಕ್ಕೆ ತಕ್ಕ ತೂಕ, ಅಷ್ಟೇ. ಅದರಲ್ಲಿ ಸ್ನಾಯು ಎಷ್ಟು ಕೊಬ್ಬು ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ.

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳ ಫೋಟೋ ಬಂತು. ಚಿತ್ತರಂಜನ್ ಯಾಜ್ಞಿಕ್ ಮತ್ತು ಜಾನ್ ಯಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿ ಕೊಬ್ಬು ಎಷ್ಟು ಅಂದರೆ ಯಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಉಳಿದದ್ದನ್ನು ಫೋಟೋ ಹೇಳುತ್ತದೆ. ನಿಮ್ಮದೂ ಅದೇ ಬಿಎಂಐ. ಕೈಕಾಲು ಸಣ್ಣ, ಹೊಟ್ಟೆ ಮುಂದೆ ಅಂತ ನೀವೇ ಬರೆದಿದ್ದೀರಿ. ಸೊಂಟಕ್ಕೆ ಒಂದು ಟೇಪ್ ಹಿಡಿದು ನೋಡಿ, ತೂಕದ ಯಂತ್ರಕ್ಕಿಂತ ಅದು ಜಾಸ್ತಿ ಹೇಳುತ್ತದೆ.

ಒಬ್ಬೊಬ್ಬರಿಗೆ ಚರ್ಮದಡಿ ಕೊಬ್ಬು ಹಿಡಿಯುವ ಮಿತಿ ಒಂದೊಂದು. ಕೆಲವರು 110 ಕೆಜಿ ಇದ್ದರೂ ಸಕ್ಕರೆ ಸರಿ ಇರುತ್ತದೆ. ಕೆಲವರಿಗೆ 65ಕ್ಕೇ ಮಿತಿ ದಾಟುತ್ತದೆ. ದಾಟಿದ ಮೇಲೆ ಕೊಬ್ಬಿನ ಕೋಶವೂ ಇನ್ಸುಲಿನ್‌ಗೆ ಬಗ್ಗುವುದಿಲ್ಲ. ಊಟ ಆದಮೇಲೆ ಕೊಬ್ಬಿನಾಮ್ಲ ಬಿಡುವುದನ್ನು ಅದು ನಿಲ್ಲಿಸಬೇಕು, ನಿಲ್ಲಿಸುವುದಿಲ್ಲ. ಅದೆಲ್ಲ ಲಿವರ್‌ಗೆ ಹೋಗುತ್ತದೆ. ಲಿವರ್ ರಾತ್ರಿಯೆಲ್ಲ ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ನಿಮ್ಮ ಬೆಳಗಿನ 112 ಬಂದದ್ದು ರಾತ್ರಿ ತಿಂದ ಊಟದಿಂದಲ್ಲ, ಲಿವರ್‌ನಿಂದ.

ತರ್ಲೆ_ತಮ್ಮ

65 ಕೆಜಿಗೇ ಮಿತಿ ದಾಟುವುದಂತೆ. ದೇವರು ನನಗೆ ಡೆಮೋ ವರ್ಷನ್ ಕೊಟ್ಟಿದ್ದಾನೆ ಅನ್ನಿ.

ಭಾರ_ಎತ್ತುವವಳು

ಎಲ್ಲರೂ ಕೋಶದ ಒಳಗೇ ಕೂತಿದ್ದೀರಿ, ಸಣಕಲ ಅವರು ಏನು ಮಾಡಬೇಕು ಅಂತ ಯಾರೂ ಹೇಳುತ್ತಿಲ್ಲ.

ನಾನು ತೋಳಿಗೆ ಗ್ಲೂಕೋಸ್ ಸೆನ್ಸರ್ ಹಾಕಿಕೊಂಡಿದ್ದೆ. ಊಟ ಆಗಿ ಅರ್ಧ ಗಂಟೆಗೆ ಗೆರೆ ಮೇಲಕ್ಕೆ ಹೊರಡುತ್ತದೆ. ಸೋಫಾದಲ್ಲಿ ಕೂತರೆ 170 ಮುಟ್ಟಿ, ಅಲ್ಲೇ ಅಡ್ಡಾಡಿ, ನಿಧಾನಕ್ಕೆ ಇಳಿಯುತ್ತದೆ. ಅದೇ ಊಟ ಮಾಡಿ ಮನೆಯ ಮೆಟ್ಟಿಲು ಹತ್ತಿ ಇಳಿದರೆ ಗೆರೆ 140ರ ಹತ್ತಿರ ಬಾಗುತ್ತದೆ. ಫೋನಿನಲ್ಲಿ ಬಾಣದ ಗುರುತು ಮೇಲೆ ನೋಡುತ್ತಿದ್ದದ್ದು ಅಡ್ಡ ಆಗುತ್ತದೆ, ಆಮೇಲೆ ಕೆಳಗೆ. ಮೇಷ್ಟ್ರ ಚೀಲಗಳು ಮೇಲೆ ಬಂದವು ಅಂತ ಕಾಣುತ್ತದೆ. ಸೆನ್ಸರ್ ತೋರಿಸುವುದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿನ ಕಥೆ, ಅದನ್ನು ನೆನಪಿಡಿ.

ಆದರೆ ಇದರ ಪ್ರಯೋಜನ ನೀವು ಬಳಸಿದ ಸ್ನಾಯುವಿಗೆ ಮಾತ್ರ. 1980ರ ದಶಕದಲ್ಲೇ ಡೆನ್ಮಾರ್ಕಿನಲ್ಲಿ ಎರಿಕ್ ರಿಕ್ಟರ್ ತಂಡ ಒಂದೇ ಕಾಲಿಗೆ ವ್ಯಾಯಾಮ ಕೊಟ್ಟು, ಆಮೇಲೆ ಎರಡೂ ಕಾಲುಗಳನ್ನು ಅಳೆದು ನೋಡಿತು. ಒಬ್ಬನೇ ಮನುಷ್ಯ, ಒಂದೇ ರಕ್ತ, ಒಂದೇ ಇನ್ಸುಲಿನ್. ವ್ಯಾಯಾಮ ಮಾಡಿದ ಕಾಲು ಜಾಸ್ತಿ ಸಕ್ಕರೆ ಎಳೆದುಕೊಂಡಿತು, ಇನ್ನೊಂದು ಕಾಲಿಗೆ ಏನೂ ಆಗಿರಲಿಲ್ಲ. ಅದಕ್ಕೇ ನಾನು ಕನ್ನಡಿ ಮುಂದೆ ನಿಂತು ತೋಳು ಮಾತ್ರ ಬೆಳೆಸುವ ಹುಡುಗರಿಗೆ ಬೈಯುವುದು. ತೊಡೆ, ಪೃಷ್ಠ, ಬೆನ್ನು. ದೊಡ್ಡ ಸ್ನಾಯುಗಳು ಅಲ್ಲಿವೆ. ಕೂತು ಏಳುವ ಸ್ಕ್ವಾಟ್‌ನಿಂದ ಶುರು ಮಾಡಿ ಸಣಕಲ.

ಈ ಪರಿಣಾಮ ಒಂದೆರಡು ದಿನ ಇರುತ್ತದೆ, ಆಮೇಲೆ ಕರಗುತ್ತದೆ. ಭಾನುವಾರ ಒಂದೇ ದಿನ ಮೈಮುರಿದು ವಾರವೆಲ್ಲ ಕೂತರೆ ಪ್ರಯೋಜನ ಕಡಿಮೆ.

ದೂರದ_ಓಟ

ಓಟವನ್ನು ಮರೆಯಬೇಡಿ ಅಕ್ಕಾ. ಭಾರ ಎತ್ತಿದರೆ ಜಾಗ ಹೆಚ್ಚುತ್ತದೆ, ಸರಿ. ಆ ಕೊಬ್ಬನ್ನು ಉರಿಸುವ ಮೈಟೋಕಾಂಡ್ರಿಯಾ ಹೆಚ್ಚುವುದು ಓಟ, ಸೈಕಲ್, ಈಜು ಇಂಥದ್ದರಿಂದ.

ಭಾರ_ಎತ್ತುವವಳು

ಮರೆತಿಲ್ಲ ತಮ್ಮಾ. 2010ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಪ್ರಯೋಗ ಇದೆ. ಟೈಪ್ 2 ಇರುವವರನ್ನು 9 ತಿಂಗಳು ನೋಡಿದರು. ಒಂದು ಗುಂಪಿಗೆ ಬರೀ ಏರೋಬಿಕ್ (ನಡಿಗೆ, ಓಟದಂಥದ್ದು), ಒಂದಕ್ಕೆ ಬರೀ ಭಾರ, ಒಂದಕ್ಕೆ ಎರಡೂ. ಒಟ್ಟು ಸಮಯ ಹೆಚ್ಚುಕಡಿಮೆ ಒಂದೇ. ಏನೂ ಮಾಡದ ಗುಂಪಿಗೆ ಹೋಲಿಸಿದರೆ ಎಚ್‌ಬಿಎ1ಸಿ ಸ್ಪಷ್ಟವಾಗಿ ಇಳಿದದ್ದು ಎರಡೂ ಸೇರಿಸಿದವರಲ್ಲಿ ಮಾತ್ರ. ನಿನ್ನದೂ ಗೆದ್ದಿಲ್ಲ, ನನ್ನದೂ ಗೆದ್ದಿಲ್ಲ.

ಸಂಶಯಪ್ಪ

ಜಿಮ್‌ನಲ್ಲಿ ಜೋರಾಗಿ ಮಾಡಿ ಬಂದ ಮೇಲೆ ನನ್ನ ಮೀಟರ್ ಮೊದಲಿಗಿಂತ ಜಾಸ್ತಿ ತೋರಿಸಿತು. ಇದಕ್ಕೇನು ಹೇಳ್ತೀರಿ? ಆವತ್ತೇ ಬಿಟ್ಟುಬಿಟ್ಟೆ.

ಬಯೋಕೆಮ್_ಮೇಷ್ಟ್ರು

ಅದಕ್ಕೆ ಬಿಡುವುದೇ! ಏದುಸಿರು ಬರುವಷ್ಟು ಜೋರಾಗಿ ಮಾಡಿದಾಗ ಅಡ್ರಿನಲಿನ್ ಏರುತ್ತದೆ. ಲಿವರ್‌ಗೆ ಸಕ್ಕರೆ ಬಿಡು ಅಂತ ಆಜ್ಞೆ ಹೋಗುತ್ತದೆ. ಸ್ನಾಯು ಎಳೆದುಕೊಳ್ಳುವ ವೇಗಕ್ಕಿಂತ ಲಿವರ್ ಬಿಡುವ ವೇಗ ಹೆಚ್ಚಾದರೆ ಮೀಟರ್ ಏರಿದ್ದೇ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಖಾಲಿಯಾದ ಸ್ನಾಯು ಆಮೇಲೆ ಗಂಟೆಗಟ್ಟಲೆ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತದೆ, ಆಗ ನೀವು ಮೀಟರ್ ಚುಚ್ಚಿ ನೋಡುವುದಿಲ್ಲ.

ಇದರ ಉಲ್ಟಾ ಕೂಡ ನೋಡಿದ್ದಾರೆ. ಆರೋಗ್ಯವಾಗಿದ್ದವರನ್ನು 5 ದಿನ ಹಾಸಿಗೆ ಬಿಟ್ಟೇಳದಂತೆ ಮಲಗಿಸಿದರು. ಅದೇ ಗ್ಲೂಕೋಸ್ ಕುಡಿಸಿದಾಗ ಮೊದಲಿಗಿಂತ ಎಷ್ಟೋ ಜಾಸ್ತಿ ಇನ್ಸುಲಿನ್ ಬೇಕಾಯಿತು. ಐದೇ ದಿನಕ್ಕೆ.

ಹೊಸ_ಸದಸ್ಯ

ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿದರೆ ಸಕ್ಕರೆ ಅರ್ಧ ಆಗುತ್ತದೆ ಅಂತ ವೀಡಿಯೋ ನೋಡಿದೆ. ನಿಜವಾ? ಹಾಗಿದ್ದರೆ ಈ ಜಿಮ್ ಪಿಮ್ ಎಲ್ಲ ಯಾಕೆ?

ದೂರದ_ಓಟ

ಆ ವೀಡಿಯೋ ನನಗೂ ಬಂದಿತ್ತು. ಮೂಲ ಸುಳ್ಳಲ್ಲ. 2022ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಮಾರ್ಕ್ ಹ್ಯಾಮಿಲ್ಟನ್ ತಂಡ ಪ್ರಕಟಿಸಿದ್ದು. ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯು ಮೈತೂಕದ ಸುಮಾರು ಶೇ. 1 ಮಾತ್ರ. ಅದೊಂದನ್ನೇ ಸರಿಯಾಗಿ ದುಡಿಸಿದಾಗ ಗ್ಲೂಕೋಸ್ ಕುಡಿದ ಮೇಲಿನ ಏರಿಕೆ ಸುಮಾರು ಅರ್ಧ ಕಡಿಮೆಯಾಯಿತು.

ವೀಡಿಯೋದವರು ಬಿಟ್ಟದ್ದು ಇಷ್ಟು: ಭಾಗವಹಿಸಿದವರು ಬೆರಳೆಣಿಕೆಯಷ್ಟು ಜನ. ಅವರು ಗಂಟೆಗಟ್ಟಲೆ ಎಡೆಬಿಡದೆ ಮಾಡಿದರು. ಯಂತ್ರ ಹಚ್ಚಿ ಸರಿಯಾಗಿ ಮಾಡುತ್ತಿದ್ದಾರಾ ಅಂತ ನೋಡುತ್ತಿದ್ದರು. ಟಿವಿ ನೋಡುತ್ತಾ ನಾಲ್ಕು ಸಲ ಕಾಲು ಕುಣಿಸಿದರೆ ಅದು ಬರುವುದಿಲ್ಲ.

ಮೊಣಕಾಲು_ಕಿರಿಕಿರಿ

ಚರ್ಚೆಗೆ ಅಡ್ಡ ಬಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಮೊಣಕಾಲು ಸವೆದಿದೆ, ಸ್ಕ್ವಾಟ್ ಆಗಲ್ಲ. ನಮ್ಮಂಥವರು ಏನು ಮಾಡೋದು?

ನರ್ಸಕ್ಕ

ಎತ್ತರದ ಕುರ್ಚಿಯಿಂದ ಕೈ ಊರದೆ ಏಳಿ, ನಿಧಾನಕ್ಕೆ ಕೂರಿ. ಅದೂ ಆಗದಿದ್ದರೆ ಮಲಗಿ ಸೊಂಟ ಮೇಲೆತ್ತಿ. ನೀರಿನಲ್ಲಿ ನಡೆದರೆ ಮಂಡಿಗೆ ಭಾರ ಕಡಿಮೆ. ರಬ್ಬರ್ ಬ್ಯಾಂಡ್ ಕಟ್ಟಿ ಎಳೆಯುವುದನ್ನು ಫಿಸಿಯೋ ಹತ್ತಿರ ಒಮ್ಮೆ ಕಲಿತುಕೊಳ್ಳಿ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿ ನೋವೂ ತಗ್ಗುತ್ತದೆ.

ಹದಿನೈದು_ಕಿಲೋ

ನನಗೆ ಈ ಸ್ನಾಯು ಪುರಾಣ ಸ್ವಲ್ಪ ಅತಿ ಅನ್ನಿಸುತ್ತದೆ. ನನಗೆ ಟೈಪ್ 2 ಇತ್ತು. ನಾನು ಒಂದು ಭಾರವನ್ನೂ ಎತ್ತಲಿಲ್ಲ. ತಿನ್ನುವುದನ್ನು ತೀರಾ ಕಡಿಮೆ ಮಾಡಿ ತೂಕ ಇಳಿಸಿದೆ. ಮಾತ್ರೆ ಇಲ್ಲದೆ ಎಚ್‌ಬಿಎ1ಸಿ 6ರ ಕೆಳಗಿದೆ.

ಬ್ರಿಟನ್ನಿನ ಡೈರೆಕ್ಟ್ ಪ್ರಯೋಗ ನೋಡಿ, 2017ರಲ್ಲಿ ಬಂದದ್ದು. ಕಡಿಮೆ ಕ್ಯಾಲರಿ ಆಹಾರ ಕೊಟ್ಟ ಗುಂಪಿನಲ್ಲಿ ಒಂದು ವರ್ಷದ ನಂತರ ಶೇ. 46 ಜನರಿಗೆ ಡಯಾಬಿಟಿಸ್ ಹಿಮ್ಮೆಟ್ಟಿತ್ತು. 15 ಕೆಜಿ ಅಥವಾ ಜಾಸ್ತಿ ಇಳಿಸಿದವರಲ್ಲಂತೂ ಶೇ. 86. ಇದರ ಹಿಂದಿನ ರಾಯ್ ಟೇಲರ್ ಇದಕ್ಕೂ ಮೊದಲು 2011ರಲ್ಲಿ ತೋರಿಸಿದ್ದು ಏನು? ಕಡಿಮೆ ಕ್ಯಾಲರಿ ಶುರು ಮಾಡಿದ ಒಂದೇ ವಾರದಲ್ಲಿ ಲಿವರ್‌ನ ಕೊಬ್ಬು ಕರಗಿ ಬೆಳಗಿನ ಸಕ್ಕರೆ ಸರಿಹೋಯಿತು. ಆಮೇಲೆ ಪ್ಯಾಂಕ್ರಿಯಾಸ್‌ನ ಕೊಬ್ಬು ಇಳಿದು ಇನ್ಸುಲಿನ್ ಮತ್ತೆ ಬರತೊಡಗಿತು. ಅಷ್ಟರಲ್ಲಿ ಸ್ನಾಯು ಅಂಥ ಬದಲಾವಣೆಯನ್ನೇನೂ ತೋರಿಸಿರಲಿಲ್ಲ. ಲಿವರ್ ಮೊದಲು, ಮಿಕ್ಕದ್ದು ಆಮೇಲೆ.

ಬಯೋಕೆಮ್_ಮೇಷ್ಟ್ರು

ನೀವು ಹೇಳಿದ ಪ್ರತಿ ಅಂಕಿಯೂ ಸರಿ. ನಿಮ್ಮ ಸಾಧನೆಗೆ ನಮಸ್ಕಾರ. ಆದರೆ ಎರಡು ಪ್ರಶ್ನೆಗಳು ಕಲೆಸಿಹೋಗಿವೆ. ಬಂದ ಡಯಾಬಿಟಿಸ್ ಹೇಗೆ ವಾಪಸ್ ಹೋಗುತ್ತದೆ ಅನ್ನುವುದು ಒಂದು. ಅದು ಹೇಗೆ ಬಂತು ಅನ್ನುವುದು ಇನ್ನೊಂದು. ಹೋಗುವಾಗ ಲಿವರ್, ಪ್ಯಾಂಕ್ರಿಯಾಸ್ ಮುಖ್ಯ. ಬರುವಾಗ ಬಹಳ ಜನರಲ್ಲಿ ಮೊದಲು ಎಡವುವುದು ಸ್ನಾಯು. ಸಕ್ಕರೆ ಏರುವುದಕ್ಕೆ ವರ್ಷಗಳ ಮೊದಲೇ ಅದು ಕಾಣುತ್ತದೆ. ಪ್ಯಾಂಕ್ರಿಯಾಸ್ ಜಾಸ್ತಿ ಇನ್ಸುಲಿನ್ ಸುರಿದು ಅದನ್ನು ಮುಚ್ಚಿಡುತ್ತಿರುತ್ತದೆ. ಸುರಿಯಲು ಆಗದಿದ್ದ ದಿನ ರಿಪೋರ್ಟಿನಲ್ಲಿ ಕಾಣುತ್ತದೆ.

ನೀವು 15 ಕೆಜಿ ಇಳಿಸಿದಿರಿ. ಸಣಕಲ ಅವರು 15 ಕೆಜಿ ಇಳಿಸಿದರೆ ಉಳಿಯುವುದೇನು? ಅವರಿಗೆ ಮೂರ್ನಾಲ್ಕು ಕಿಲೋ ಹೊಟ್ಟೆಯ ಕೊಬ್ಬು ಹೋಗಿ, ತೊಡೆಗೆ ಸ್ವಲ್ಪ ಸ್ನಾಯು ಬರಬೇಕು. ಅವರಿಗೆ ಡಾಕ್ಟರು ಹೇಳಿದ್ದು ಅದೇ.

ಹದಿನೈದು_ಕಿಲೋ

ಸಣ್ಣಗಿದ್ದವರ ಮೇಲೂ ಟೇಲರ್ ಪ್ರಯೋಗ ಮಾಡಿದ್ದಾರೆ ಮೇಷ್ಟ್ರೇ. ಅವರಲ್ಲೂ ತೂಕ ಇಳಿದಾಗ ಹಿಮ್ಮೆಟ್ಟಿದೆ. ಸ್ನಾಯು ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲು ಲಿವರ್ ಖಾಲಿ ಮಾಡಿ ಅನ್ನುತ್ತಿದ್ದೇನೆ.

ಸಣಕಲ

ಎರಡೂ ಒಟ್ಟಿಗೆ ಮಾಡ್ತೀನಿ ಬಿಡಿ, ಜಗಳ ಬೇಡ. ಈ ಇನ್ಸುಲಿನ್ ರೆಸಿಸ್ಟೆನ್ಸ್ ಎಷ್ಟಿದೆ ಅಂತ ನೋಡಲು ಪರೀಕ್ಷೆ ಇದೆಯಾ? ಕ್ಲಾಂಪ್ ಅಂತೂ ನನ್ನಿಂದಾಗಲ್ಲ.

ಕೋಶದೊಳಗೆ

ಖಾಲಿ ಹೊಟ್ಟೆಯ ಇನ್ಸುಲಿನ್ ಒಂದು ಮಾಡಿಸಿ. ಸಕ್ಕರೆಯನ್ನೂ ಇನ್ಸುಲಿನ್ನನ್ನೂ ಗುಣಿಸಿ 405ರಿಂದ ಭಾಗಿಸಿ. ಉದಾಹರಣೆಗೆ ಸಕ್ಕರೆ 112, ಇನ್ಸುಲಿನ್ 14 ಅಂದರೆ ಸುಮಾರು 3.9. ಇದು 1985ರಿಂದ ಬಳಕೆಯಲ್ಲಿರುವ ಹೋಮಾ ಲೆಕ್ಕ. 1ರ ಹತ್ತಿರ ಇದ್ದರೆ ಚೆನ್ನ, 3 ದಾಟಿದರೆ ರೆಸಿಸ್ಟೆನ್ಸ್ ಇದೆ ಅನ್ನಬಹುದು. ಒಂದೊಂದು ಲ್ಯಾಬಿನ ಇನ್ಸುಲಿನ್ ಅಳತೆ ಒಂದೊಂದು ಥರ, ಮತ್ತೆ ಮಾಡಿಸುವಾಗ ಅದೇ ಲ್ಯಾಬಿಗೆ ಹೋಗಿ. ಇದು ಜಾಸ್ತಿ ಹೇಳುವುದು ಲಿವರ್ ಬಗ್ಗೆ, ಸ್ನಾಯು ಬಗ್ಗೆ ಕಡಿಮೆ. ನಿಜ ಹೇಳಬೇಕೆಂದರೆ ನಿಮ್ಮ ಟ್ರೈಗ್ಲಿಸರೈಡ್, ಎಚ್‌ಡಿಎಲ್, ಸೊಂಟ ನೋಡಿದರೇ ಸಾಕು.

ಕಾರ್ಬ್_ವಿರೋಧಿ

ನಾನು ತಿಂಗಳುಗಟ್ಟಲೆ ಕಾರ್ಬ್ ಬಿಟ್ಟಿದ್ದೆ. ಒಂದು ಕಡೆ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿ "ನಿಮಗೆ ಡಯಾಬಿಟಿಸ್" ಅಂತ ಬರೆದುಕೊಟ್ಟರು! ಎಚ್‌ಬಿಎ1ಸಿ 5.3 ಇತ್ತು. ಇದಕ್ಕೆ ಏನು ಹೇಳ್ತೀರಿ?

ಕೋಶದೊಳಗೆ

ನಿಮ್ಮ ಸ್ನಾಯು ಕೊಬ್ಬು ಉರಿಸಲು ಹೊಂದಿಕೊಂಡಿತ್ತು. ಸಿಗುತ್ತಿದ್ದ ಅಲ್ಪ ಸಕ್ಕರೆಯನ್ನು ಮಿದುಳಿಗೆ ಬಿಟ್ಟುಕೊಡುತ್ತಿತ್ತು. ಅಂಥ ಹೊತ್ತಲ್ಲಿ ಒಮ್ಮೆಲೇ 75 ಗ್ರಾಂ ಗ್ಲೂಕೋಸ್ ಕುಡಿಸಿದರೆ ಏರಲೇಬೇಕು. ಆ ಪರೀಕ್ಷೆಗೆ ಮೊದಲು 3 ದಿನ ದಿನಕ್ಕೆ 150 ಗ್ರಾಂ ಆದರೂ ಕಾರ್ಬ್ ತಿಂದಿರಬೇಕು ಅಂತ ನಿಯಮವೇ ಇದೆ. ನಿಮಗೆ ಅವರು ಮೊದಲೇ ಹೇಳಬೇಕಿತ್ತು. ನೋಡಿ, ರ‍್ಯಾಂಡಲ್ ಹೇಳಿದ ಕೊಬ್ಬು-ಸಕ್ಕರೆ ಪೈಪೋಟಿ ನಿಮ್ಮ ಮೈಯಲ್ಲೇ ನಡೆದಿದೆ.

ಹೊಸ_ಸದಸ್ಯ

ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಲ್ಲ, ಅದನ್ನು ತಗೊಂಡರೆ ಎಲ್ಲ ಮುಗಿಯಿತು ಅಲ್ವಾ?

ಭಾರ_ಎತ್ತುವವಳು

ಸಕ್ಕರೆಯೂ ಇಳಿಯುತ್ತದೆ, ತೂಕವೂ ಇಳಿಯುತ್ತದೆ, ನಿಜ. ಆದರೆ ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಸೇರಿರುತ್ತದೆ. ಹೇಗೆ ತೂಕ ಇಳಿಸಿದರೂ ಅಷ್ಟೇ. ಇಂಜೆಕ್ಷನ್‌ನಲ್ಲಿ ಹಸಿವೇ ಇರುವುದಿಲ್ಲ, ಪ್ರೊಟೀನ್ ತಿನ್ನುವುದನ್ನೂ ಜನ ಬಿಟ್ಟುಬಿಡುತ್ತಾರೆ. ನಿಲ್ಲಿಸಿದ ಮೇಲೆ ಬಹಳ ಜನರಿಗೆ ತೂಕ ವಾಪಸ್ ಬರುತ್ತದೆ. ಬರುವಾಗ ಹೆಚ್ಚಾಗಿ ಕೊಬ್ಬಾಗಿಯೇ ಬರುತ್ತದೆ. ವಯಸ್ಸಾದವರಿಗೆ ಇದು ಸಣ್ಣ ವಿಷಯ ಅಲ್ಲ. ತಗೊಳ್ಳುವುದಾದರೆ ಭಾರ ಎತ್ತುತ್ತಾ ತಗೊಳ್ಳಿ.

ಅಪ್ಪನ_ಮಗಳು

ಈ ಚರ್ಚೆ ಓದಿ ಅಪ್ಪನನ್ನು ಊಟಕ್ಕೆ ಮೊದಲು ವಾಕಿಂಗ್ ಕರೆದುಕೊಂಡು ಹೋದೆ. ಅರ್ಧ ದಾರಿಯಲ್ಲಿ ಕೈ ನಡುಗಿ, ಬೆವತು, ಕೂತುಬಿಟ್ಟರು. ಅವರು ಗ್ಲಿಮೆಪಿರೈಡ್ ಮಾತ್ರೆ ತಗೊಳ್ತಾರೆ. ವ್ಯಾಯಾಮ ಇವರಿಗೆ ಆಗಿಬರಲ್ವಾ?

ನರ್ಸಕ್ಕ

ಆಗಿಬರುತ್ತದೆ ಮಗಳೇ. ಹೊತ್ತು, ಮಾತ್ರೆ ಎರಡೂ ಹೊಂದಬೇಕು ಅಷ್ಟೇ. ಗ್ಲಿಮೆಪಿರೈಡ್ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತದೆ, ಸಕ್ಕರೆ ಕಡಿಮೆ ಇದ್ದರೂ ನಿಲ್ಲಿಸುವುದಿಲ್ಲ. ಅದೇ ಹೊತ್ತಿಗೆ ನಡೆಯುವ ಕಾಲು ತನ್ನ ಪಾಡಿಗೆ ಸಕ್ಕರೆ ಎಳೆದುಕೊಳ್ಳುತ್ತದೆ. ಎರಡೂ ಸೇರಿದಾಗ ಸಕ್ಕರೆ ಕುಸಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಹೀಗೇ. ಬರೀ ಮೆಟ್‌ಫಾರ್ಮಿನ್ ಮಾತ್ರೆ ಇರುವವರಿಗೆ ಈ ಭಯ ಬಹಳ ಕಡಿಮೆ.

ಹೊರಡುವ ಮೊದಲು ಮೀಟರ್ ಚುಚ್ಚಿ ನೋಡಿ. ಊಟ ಆದಮೇಲೆ ನಡೆಸಿ, ಮೊದಲು ಬೇಡ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ನಡುಕ, ಬೆವರು ಬಂದು ಮೀಟರ್ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ನೀರಲ್ಲಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಮಾತಾಡಿಸಿದರೆ ಉತ್ತರ ಕೊಡದ ಸ್ಥಿತಿಯಲ್ಲಿ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ. ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದು ಹೇಳಿ, ಡೋಸ್ ಕಡಿಮೆ ಮಾಡಬೇಕಾಗಬಹುದು. ನೀವಾಗೇ ನಿಲ್ಲಿಸಬೇಡಿ.